ಪೂರ್ವಕ್ಕೆ ಕೂಡು

ನಾಲ್ಕಾಗಿ ಮಡಚಿ ಷರ್ಟಿನ ಜೇಬಿನಲ್ಲಿಟ್ಟುಕೊಂಡಿದ್ದ ಕಾಗದ ಭೂಗೋಳದ ಮೇಷ್ಟ್ರಿಗೆ ಬೆಳಗಿನಿಂದ ಎದೆಯ ಹತ್ತಿರ ಚುಚ್ಚುತ್ತಲೇ ಇತ್ತು. ಕಾಗದವೇನೂ ಚುಚ್ಚುವಷ್ಟು ಗಟ್ಟಿಯಾಗಿರಲಿಲ್ಲ. ಅದರಲ್ಲಿ ಆಡಳಿತ ಮಂಡಳಿ ಕೇಳಿದ್ದ ಪ್ರಶ್ನೆ ಗಟ್ಟಿಯಾಗಿತ್ತು. ‘ತರಗತಿಯಲ್ಲಿ ಯಂತ್ರಕ್ಕೆ ಆಗದ, ನಿಮ್ಮಿಂದ ಮಾತ್ರ ಆಗುವ ಕೆಲಸ ಯಾವುದು? ಸ್ವಂತ ಕೈಬರಹದಲ್ಲಿ, ಕೊಟ್ಟ ಜಾಗ ಮೀರದಂತೆ ಬರೆದು ಗುರುವಾರ ಸಂಜೆ ನಾಲ್ಕರೊಳಗೆ ತಲುಪಿಸುವುದು.’ ಕೊಟ್ಟ ಜಾಗವೆಂದರೆ ನಾಲ್ಕು ಗೆರೆ. ಇಪ್ಪತ್ತಾರು ವರ್ಷದ ಮೇಷ್ಟ್ರಗಿರಿಗೆ ಬರೀ ನಾಲ್ಕು ಗೆರೆಯೇ ಎಂದು ಸೋಮವಾರ ಅವರಿಗೆ ಸಿಟ್ಟು ಬಂದಿತ್ತು. ಮಂಗಳವಾರ ಪೆನ್ನು ಹಿಡಿದು ಕೂತ ಮೇಲೆ ನಾಲ್ಕು ಗೆರೆ ಎಷ್ಟು ಉದ್ದವೆಂಬುದು ತಿಳಿಯಿತು. ಇವತ್ತು ಗುರುವಾರ, ಗೆರೆಗಳು ಇನ್ನೂ ಖಾಲಿ. ಬೆಳಿಗ್ಗೆ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ ಹೆಂಡತಿ ಹೇಳಿದ್ದಳು: “ಬರೆಯೋಕೇನ್ರೀ, ಕೂಗಾಡ್ತೀರಲ್ಲ, ಅದನ್ನೇ ಬರೀರಿ. ಯಂತ್ರಕ್ಕೆ ಅದು ಅಷ್ಟು ಚೆನ್ನಾಗಿ ಬರಲ್ಲ.” ಅವಳಿಗೆ ತಮಾಷೆ. ಸಮಾಜ ವಿಷಯಕ್ಕೆ ಈಗಿರುವುದು ಇಬ್ಬರು, ಇವರು ಮತ್ತು ಇತಿಹಾಸದ ಮೇಡಂ. ಈ ಉತ್ತರಗಳನ್ನು ನೋಡಿ ಮುಂದಿನ ವರ್ಷ ಪಾಠ ಮಾಡಲು ಉಳಿಸಿಕೊಳ್ಳುವುದು ಒಬ್ಬರನ್ನು. ಇನ್ನೊಬ್ಬರಿಗೆ ‘ಮೇಲ್ವಿಚಾರಕ’ ಎಂಬ ದೊಡ್ಡ ಹೆಸರು ಕೊಟ್ಟು, ಪಾಠ ಹೇಳುವ ಯಂತ್ರದ ಪೆಟ್ಟಿಗೆಯ ವೈರನ್ನು ಮಕ್ಕಳು ಎಳೆಯದಂತೆ ನೋಡಿಕೊಳ್ಳಲು ಬಾಗಿಲ ಬಳಿ ಕೂರಿಸುತ್ತಾರಂತೆ. ಕೂರಲು ಕುರ್ಚಿಗಳು ಆಗಲೇ ಬಂದಿದ್ದವು, ಗಾಲಿಯಿರುವ ಕುರ್ಚಿಗಳು. ನಿನ್ನೆ ಯಾರೂ ನೋಡದಾಗ ಮೇಷ್ಟ್ರು ಒಂದರಲ್ಲಿ ಕೂತು ನೋಡಿದ್ದರು. ತುಂಬಾ ಆರಾಮಾಗಿತ್ತು, ಅದೇ ಅವರಿಗೆ ಸಂಕಟವಾಯಿತು.

ಸ್ಟಾಫ್ ರೂಮಿನಲ್ಲಿ ಮೂರು ದಿನದಿಂದ ಎಲ್ಲರೂ ಬೇರೆ ಮನುಷ್ಯರಾಗಿದ್ದರು. ಗಣಿತದ ಮೇಷ್ಟ್ರು ‘ಮಕ್ಕಳ ಬೆನ್ನು ತಟ್ಟುತ್ತೇನೆ’ ಎಂದು ಬರೆದುಕೊಟ್ಟು, ಬರೆದದ್ದು ಸುಳ್ಳಾಗಬಾರದೆಂದು ಸಿಕ್ಕಸಿಕ್ಕವರ ಬೆನ್ನು ತಟ್ಟುತ್ತಾ ಓಡಾಡುತ್ತಿದ್ದರು. ಅವರು ವರಾಂಡದಲ್ಲಿ ಬಂದರೆ ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಡ್ರಿಲ್ ಮೇಷ್ಟ್ರು ‘ಸೀಟಿ’ ಎಂದು ಒಂದೇ ಪದ ಬರೆದು, ಪೆಟ್ಟಿಗೆ ಅವರಿಗಿಂತ ಜೋರಾಗಿ ಸೀಟಿ ಹೊಡೆಯಬಲ್ಲದೆಂದು ಗೊತ್ತಾಗಿ ಕಾಗದ ವಾಪಸು ಕೇಳಲು ಹೋಗಿದ್ದರು. ಭಾಷೆಯ ಟೀಚರಂತೂ ನೇರವಾಗಿ ಪೆಟ್ಟಿಗೆಯನ್ನೇ ಕೇಳಿಬಿಟ್ಟಿದ್ದರು, ನಿನ್ನ ಕೈಲಿ ಆಗದ್ದು ಏನಮ್ಮ ಅಂತ. ಅದು ಅರ್ಧ ನಿಮಿಷದಲ್ಲಿ ತಾಯ್ತನ, ಕಣ್ಣಂಚಿನ ನೀರು, ಮೌನದ ಮಾತು ಎಂದೆಲ್ಲ ನಾಲ್ಕೇ ಗೆರೆಯಲ್ಲಿ ಎಷ್ಟು ಚೆನ್ನಾಗಿ ಹೇಳಿತೆಂದರೆ ಟೀಚರ್ ಅತ್ತೇಬಿಟ್ಟರು. ಅಳು ನಿಂತ ಮೇಲೆ ದುಂಡಕ್ಷರದಲ್ಲಿ ನಕಲು ಮಾಡಿದರು. ಅವರದನ್ನು ನೋಡಿಕೊಂಡು ಇನ್ನೂ ನಾಲ್ವರು ಬರೆದರು. ಯಂತ್ರಕ್ಕೆ ಆಗದ್ದನ್ನು ಯಂತ್ರದ ಕೈಲೇ ಬರೆಸಿಕೊಂಡದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ಕಂಡವರಿಗೂ ಪುರುಸೊತ್ತಿರಲಿಲ್ಲ.

ಭೂಗೋಳದ ಮೇಷ್ಟ್ರು ಮಾತ್ರ ಕೇಳಲಿಲ್ಲ. ಅವರಿಗೆ ಜಂಬ. ಅವರ ಹತ್ತಿರ ಹಾಡಿತ್ತು. ಹಾಡೆಂದರೆ ಎರಡೇ ಸಾಲು, ಕೆಲಸಕ್ಕೆ ಸೇರಿದ ಮೊದಲ ವರ್ಷ ತಾವೇ ಕಟ್ಟಿದ್ದು: ಪೂರ್ವಕ್ಕೆ ಹೋದರೆ ಕೂಡು, ಪಶ್ಚಿಮಕ್ಕೆ ಹೋದರೆ ಕಳೆ. ದೇಶದಿಂದ ದೇಶಕ್ಕೆ ಗಡಿಯಾರ ಹೇಗೆ ಬದಲಾಗುತ್ತದೆಂಬ ಪಾಠಕ್ಕೆ. ಮೇಜಿನ ಮೇಲೆ ಡಸ್ಟರ್ ಕುಟ್ಟುತ್ತಾ ಇಡೀ ತರಗತಿಯ ಕೈಲಿ ಹೇಳಿಸಿದರೆ ಪಕ್ಕದ ತರಗತಿಯವರೂ ಅಲ್ಲಿಂದಲೇ ಸೇರಿಕೊಳ್ಳುತ್ತಿದ್ದರು. ಮೇಷ್ಟ್ರ ಹೆಸರು ಮರೆತವರಿಗೂ ‘ಕೂಡು ಕಳೆ ಮೇಷ್ಟ್ರು’ ಎಂದರೆ ಗೊತ್ತು. ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿಗೆ ನಿಂತಿದ್ದಾಗ ಕೌಂಟರಿನ ಆಚೆಯ ಬೋಳುತಲೆಯವನು ಚೀಟಿ ಕೂಡ ನೋಡದೆ ನಗುತ್ತಾ ‘ಪೂರ್ವಕ್ಕೆ ಹೋದರೆ’ ಎಂದು ಶುರುಮಾಡಿದ್ದ. ಸಾಲಿನಲ್ಲಿದ್ದ ಹೆಂಗಸೊಬ್ಬಳು ‘ಕೂಡು’ ಎಂದು ಮುಗಿಸಿದ್ದಳು. ಇಬ್ಬರೂ ಅವರ ಹಳೆಯ ಮಕ್ಕಳು. ಬೇರೇನು ಕಲಿಸಿದ್ದರೋ ಅವರಿಗೂ ನೆನಪಿಲ್ಲ, ಇವರಿಗೂ ನೆನಪಿಲ್ಲ. ಅವತ್ತು ಮೇಷ್ಟ್ರು ಸಿರಪ್ಪು ಬಿಟ್ಟು ಬರೀ ಸಂತೋಷ ತೆಗೆದುಕೊಂಡು ಮನೆಗೆ ಹೋಗಿದ್ದರು, ಹೆಂಡತಿ ಮತ್ತೆ ಅಂಗಡಿಗೆ ಓಡಿಸಿದ್ದಳು. ಇವತ್ತು ಎಂಟನೇ ತರಗತಿಗೆ ಅದೇ ಪಾಠ. ಪಾಠ ಮುಗಿಸಿ ಆ ಬಿಸಿಯಲ್ಲೇ ನಾಲ್ಕು ಗೆರೆ ತುಂಬಿಸಿಬಿಡುವುದು ಎಂದುಕೊಂಡು ಮೆಟ್ಟಿಲು ಹತ್ತಿದರು.

ತರಗತಿಯ ಮೂಲೆಯಲ್ಲಿ ಎರಡು ನಿಘಂಟು ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಬೂದುಬಣ್ಣದ ಪೆಟ್ಟಿಗೆ. ಮಕ್ಕಳು ಅದನ್ನು ಪೆಟ್ಟಿಗೆ ಮಿಸ್ಸು ಎನ್ನುತ್ತಿದ್ದರು. ಮೇಷ್ಟ್ರಿಲ್ಲದ ಪೀರಿಯಡ್ಡಿನಲ್ಲಿ ಅದರ ಪಾಠ. ಮೇಷ್ಟ್ರಿದ್ದಾಗ ಹಸಿರು ದೀಪ ಉರಿಸಿಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಬರೆದಿಟ್ಟುಕೊಳ್ಳುತ್ತದೆ. ಮೇಷ್ಟ್ರಿಗೆ ಅದರ ಮೇಲೆ ಇದ್ದ ಸಿಟ್ಟು ಅದರ ಜಾಣತನಕ್ಕಲ್ಲ, ಅದಕ್ಕೆ ಸಣ್ಣತನವೇ ಇಲ್ಲವೆಂಬುದಕ್ಕೆ. ದಿನಕ್ಕೆ ಹತ್ತು ಸಲ ಅದು ‘ಕ್ಷಮಿಸು’ ಎನ್ನುತ್ತದೆ. ಸದ್ದು ಸರಿಯಾಗಿ ಕೇಳಿಸದಿದ್ದರೆ ಕ್ಷಮಿಸು, ಚಿತ್ರ ಬರುವುದು ತಡವಾದರೆ ಕ್ಷಮಿಸು, ತಪ್ಪು ಹೇಳಿದರೆ ಅಂತೂ ಸರಿಯೇ ಸರಿ. ಮಕ್ಕಳೂ ‘ಪರವಾಗಿಲ್ಲ ಮಿಸ್’ ಎಂದು ರಾಗವಾಗಿ ಹೇಳಿ ಮುಂದೆ ಹೋಗುತ್ತಾರೆ. ಅದಕ್ಕೆ ಕಿವಿ ಬಿಸಿಯಾಗುವುದಿಲ್ಲ, ಗಂಟಲು ಒಣಗುವುದಿಲ್ಲ. ಮೇಷ್ಟ್ರಿಗೆ ಇಪ್ಪತ್ತಾರು ವರ್ಷದಲ್ಲಿ ಮಗುವೊಂದಕ್ಕೆ ಆ ಪದ ಹೇಳಿದ್ದು ನೆನಪಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲವೆಂದಲ್ಲ.

ಹಾಡು ಚೆನ್ನಾಗಿಯೇ ಎದ್ದಿತು. ನಲವತ್ತೆರಡು ಗಂಟಲು, ಡಸ್ಟರಿನ ಪೆಟ್ಟು, ಏಳುವ ಸೀಮೆಸುಣ್ಣದ ಧೂಳು, ಕಿಟಕಿಯ ಬಿಸಿಲಿನಲ್ಲಿ ಧೂಳು ಮೆಲ್ಲಗೆ ತಿರುಗುವುದು. ಇದನ್ನು ಯಾವ ಪೆಟ್ಟಿಗೆ ಮಾಡೀತು ಎಂದು ಅವರಿಗೆ ಮೈ ತುಂಬಿ ಬಂತು. ಆ ಹುರುಪಿನಲ್ಲೇ ಹೇಳಿದರು: ಸಮುದ್ರದ ನಡುವೆ ಒಂದು ದಿನಾಂಕ ರೇಖೆ ಇದೆ, ಹಡಗು ಅದನ್ನು ಪೂರ್ವಕ್ಕೆ ದಾಟಿದರೆ ಒಂದು ಇಡೀ ದಿನ ಕೂಡಬೇಕು. ಪುಸ್ತಕದಲ್ಲಿ ಅದು ಸಣ್ಣಕ್ಷರದ ಒಂದು ಪ್ಯಾರಾ, ತಲೆಯ ಮೇಲೆ ‘ಪರೀಕ್ಷೆಗಿಲ್ಲ’ ಎಂದು ಬರೆದಿರುತ್ತದೆ. ಹಾಗಾಗಿ ಇಪ್ಪತ್ತಾರು ವರ್ಷದಿಂದ ಅದನ್ನು ಮಕ್ಕಳೂ ಓದಿಲ್ಲ, ಮೇಷ್ಟ್ರೂ ಓದಿಲ್ಲ. ಮೂರನೇ ಬೆಂಚಿನಲ್ಲಿ ಕೈ ಎದ್ದಿತು. ಮಾತಿಗೊಂದು ಮಾತು ಹುಡುಕುವ ಹುಡುಗಿ, ಇಡೀ ಸ್ಕೂಲಿಗೆ ಲಾಯರಮ್ಮ.

“ಸರ್, ರೇಖೆ ದಾಟೋವಾಗ ಮಾತ್ರ ಉಲ್ಟಾ ಅಲ್ವಾ? ಪೂರ್ವಕ್ಕೆ ಹೋದ್ರೆ ಒಂದು ದಿನ ಕಳೀಬೇಕಂತೆ. ನಿನ್ನೆ ಪೆಟ್ಟಿಗೆ ಮಿಸ್ಸು ಹೇಳಿದ್ರು.”

ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗಾಯಿತು. ಒಂದು ಗಳಿಗೆ, ಅಷ್ಟೇ. ಎಲ್ಲೋ ಒಳಗೆ, ಹೌದಲ್ಲ ಎಂದು ಯಾರೋ ಅಂದರು. ಅಂದವನ ಬಾಯಿಗೆ ಮೇಷ್ಟ್ರು ತಕ್ಷಣ ಬೀಗ ಹಾಕಿದರು. ಹಾಗಾದರೆ ಇನ್ನು ಮೇಲೆ ಹಡಗಿನವರೆಲ್ಲ ನಮ್ಮ ಲಾಯರಮ್ಮನನ್ನೇ ಕೇಳಿಕೊಂಡು ಹೊರಡಲಿ ಎಂದರು. ತರಗತಿ ನಕ್ಕಿತು. ನಗು ಸಾಲದೆನಿಸಿ, ಎಂದೂ ಪೆಟ್ಟಿಗೆಯ ಮುಖ ನೋಡದಿದ್ದವರು ಅದರ ಕಡೆ ತಿರುಗಿ, ನಾನು ಹೇಳುವುದು ಕೂಡಬೇಕು ಅಂತ, ಏನಂತೀಯಮ್ಮ ನೀನು ಎಂದು ಕೇಳಿದರು. ಹಸಿರು ದೀಪ ಎರಡು ಸಲ ಮಿಟುಕಿತು.

“ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ನಿನ್ನೆ ನಾನು ಹೇಳಿದ್ದರಲ್ಲಿ ತಪ್ಪಿತ್ತು. ಕ್ಷಮಿಸು.”

ಮಕ್ಕಳು ಚಪ್ಪಾಳೆ ತಟ್ಟಿದರು. ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಬಿದ್ದ ಮೊದಲ ಚಪ್ಪಾಳೆ. ಲಾಯರಮ್ಮ ಕೂರಲು ಹೋದಳು. ಮೇಷ್ಟ್ರು ಬೇಡವೆಂದು ಕೈ ತೋರಿಸಿದರು. ಅವಳು ನಿಂತುಕೊಂಡೇ ಹಾಡನ್ನು ಹತ್ತು ಸಲ ಹೇಳಬೇಕಿತ್ತು, ಆಮೇಲೆ ಪೀರಿಯಡ್ಡು ಮುಗಿಯುವವರೆಗೂ ನಿಲ್ಲಬೇಕಿತ್ತು. ಆರನೆಯ ಸಲಕ್ಕೆ ಅವಳ ದನಿ ಸಣ್ಣದಾಯಿತು, ಎಂಟನೆಯದರಲ್ಲಿ ತುಟಿ ಮಾತ್ರ ಅಲುಗಿತು. ಹತ್ತು ಎಣಿಸಿದ್ದು ಪೆಟ್ಟಿಗೆ. ಗಂಟೆ ಹೊಡೆದ ಮೇಲೆ ಮೇಷ್ಟ್ರು ವರಾಂಡದ ಕಿಟಕಿಕಟ್ಟೆಯ ಮೇಲೆಯೇ ಕಾಗದ ಬಿಡಿಸಿ ಬರೆದರು: ‘ನಾನೇ ಕಟ್ಟಿದ ಹಾಡಿನ ಮೂಲಕ ಕಲಿಸುತ್ತೇನೆ. ಯಂತ್ರ ತಪ್ಪು ಹೇಳಿದಾಗ ತಿದ್ದುತ್ತೇನೆ.’ ಎರಡೇ ಗೆರೆಯಲ್ಲಿ ಮುಗಿಯಿತು.

ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಿದರು. ಮುಚ್ಚಳ ದುಂಡಗಿತ್ತು. ಬೇಡ ಬೇಡವೆಂದರೂ ಬೆರಳು ಅದರ ಅಂಚಿನ ಮೇಲೆ ಪೂರ್ವಕ್ಕೆ ನಡೆಯಲು ಶುರುಮಾಡಿತು. ಒಬ್ಬ ಮನುಷ್ಯ ಮನೆಯಿಂದ ಪೂರ್ವಕ್ಕೆ ಹೊರಡುತ್ತಾನೆ. ಸ್ವಲ್ಪ ದೂರಕ್ಕೊಮ್ಮೆ ಗಡಿಯಾರಕ್ಕೆ ಒಂದು ಗಂಟೆ ಕೂಡುತ್ತಾನೆ. ಭೂಮಿಯನ್ನು ಸುತ್ತಿ ಮನೆಗೆ ಬರುವಷ್ಟರಲ್ಲಿ ಇಪ್ಪತ್ನಾಲ್ಕು ಗಂಟೆ ಕೂಡಿರುತ್ತಾನೆ. ಮನೆಯವರಿಗೆ ಭಾನುವಾರ, ಅವನಿಗೆ ಸೋಮವಾರ. ಹೆಂಡತಿ ಒಪ್ಪುವುದಿಲ್ಲ. ಹೆಚ್ಚಾಗಿ ಬಂದ ಆ ಒಂದು ದಿನವನ್ನು ದಾರಿಯಲ್ಲಿ ಎಲ್ಲೋ ಒಂದು ಕಡೆ ಕಳೆದುಬಿಡಲೇಬೇಕು. ಆ ಎಲ್ಲೋ ಎಂಬುದೇ ರೇಖೆ. ತಮ್ಮ ಹಾಡಿನ ಪ್ರಕಾರ ಅಲ್ಲೂ ಕೂಡಿದರೆ ಬಡಪಾಯಿ ಮಂಗಳವಾರಕ್ಕೆ ಹೋಗಿ ಕೂತಿರುತ್ತಾನೆ. ಮೇಷ್ಟ್ರು ಮತ್ತೊಂದು ಸುತ್ತು ಬೆರಳು ಆಡಿಸಿದರು, ಮುಚ್ಚಳವನ್ನು ಬೋರಲು ಹಾಕಿಯೂ ಆಡಿಸಿದರು. ಹುಡುಗಿ ಹೇಳಿದ್ದೇ ಸರಿ. ಎದುರಿಗೆ ಕೂತಿದ್ದ ಗಣಿತದ ಮೇಷ್ಟ್ರು ಯಾಕೋ ಬೆವತಿದ್ದೀರಿ ಎಂದು ಎದ್ದು ಬಂದು ಬೆನ್ನು ತಟ್ಟಿದರು.

ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕಂಪನಿಯ ಹೆಣ್ಣುಮಗಳು ಕೂರುತ್ತಿದ್ದದ್ದು ಮೆಟ್ಟಿಲ ಕೆಳಗಿನ ಭೂಪಟದ ಕೋಣೆಯಲ್ಲಿ. ಸುರುಳಿ ಸುತ್ತಿದ ಭೂಪಟಗಳ ಕಂತೆಗೆ ಅವಳ ಫ್ಯಾನು ಒರಗಿಕೊಂಡಿತ್ತು. ಯಂತ್ರ ನಿನ್ನೆ ಸರಿಯಾಗಿ ಹೇಳಿದ್ದನ್ನು ಇವತ್ತು ತಪ್ಪು ಅಂದಿತಲ್ಲ, ಕೆಟ್ಟಿದೆಯೇನೋ ನೋಡಮ್ಮ ಎಂದು ಮೇಷ್ಟ್ರು ಯಾರದೋ ಕಾಯಿಲೆ ವಿಚಾರಿಸುವವರ ಹಾಗೆ ಕೇಳಿದರು. ಅವಳು ನಕ್ಕಳು.

“ಕೆಟ್ಟಿಲ್ಲ ಸರ್. ಮೇಷ್ಟ್ರು ಕ್ಲಾಸಲ್ಲಿದ್ರೆ ಅವರ ಮಾತಿಗೆ ಅದು ಎದುರು ಹೇಳಲ್ಲ. ಸೆಟ್ಟಿಂಗೇ ಹಾಗಿದೆ. ನೀವೇ ಎಲ್ಲ ಕೇಳಿ ಹಾಕಿಸ್ಕೊಂಡಿದ್ದು, ಮರ್ತ್ರಾ?”

“ನಾನು ತಪ್ಪು ಹೇಳಿದ್ರೂ?”

“ತಪ್ಪು ಹೇಳಿದ್ರೇ ಸರ್. ಸರಿ ಹೇಳಿದ್ರೆ ಸೆಟ್ಟಿಂಗ್ ಯಾಕೆ ಬೇಕು?”

ಮರೆತಿರಲಿಲ್ಲ. ಮೂರು ತಿಂಗಳ ಹಿಂದೆ ಶಿಕ್ಷಕರ ಸಂಘದ ಸಭೆಯಲ್ಲಿ ಮೇಜು ಗುದ್ದಿ, ಮಕ್ಕಳೆದುರು ನಮ್ಮ ಮರ್ಯಾದೆಯ ಪ್ರಶ್ನೆ ಇದು ಎಂದು ಕೂಗಿದ್ದವರು ಯಾರು? ಮನವಿಗೆ ಮೊದಲ ಸಹಿ ಯಾರದು? ಅವತ್ತು ಗುದ್ದಿದ ಮುಷ್ಟಿ ಎರಡು ದಿನ ನೋಯುತ್ತಿತ್ತು, ಆ ನೋವಿನ ಮೇಲೂ ಅವರಿಗೆ ಪ್ರೀತಿ ಹುಟ್ಟಿತ್ತು. ಕಂಪನಿಯವಳು ಇನ್ನಷ್ಟು ವಿವರ ಕೊಟ್ಟಳು. ಮೇಷ್ಟ್ರು ಒಮ್ಮೆ ಹೇಳಿದ್ದು ಎಂಟನೇ ತರಗತಿಯ ಎಲ್ಲ ವಿಭಾಗಕ್ಕೂ ಸೇರಿಹೋಗುತ್ತದೆ, ಅವರು ಹೊರಗೆ ಹೋದರೂ ಪೆಟ್ಟಿಗೆ ಇನ್ನು ಹಾಗೆಯೇ ಹೇಳುತ್ತದೆ. ಬದಲಾಯಿಸಬೇಕೆಂದರೆ ಅದೇ ತರಗತಿಯಲ್ಲಿ, ಮಕ್ಕಳೆದುರು, ಮೇಷ್ಟ್ರೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ‘ಶಿಕ್ಷಕರ ದೋಷ’ ಎಂಬ ಕಾಲಂನಲ್ಲಿ ಒಂದು ಬೀಳುತ್ತದೆ. ಆ ಪಟ್ಟಿ ಇವತ್ತಿನ ಕಾಗದದ ಜೊತೆಯೇ ಆಡಳಿತ ಮಂಡಳಿಗೆ ಹೋಗುತ್ತದೆ. “ನಿಮ್ದು ಸೊನ್ನೆ ಇದೆ ಸರ್. ಇಡೀ ಸ್ಕೂಲಲ್ಲಿ ನಿಮ್ದೊಂದೇ,” ಎಂದು ಅಭಿಮಾನದಿಂದ ಹೇಳಿದಳು.

ಸೊನ್ನೆಯನ್ನು ನೋಟೀಸು ಬೋರ್ಡಿನಲ್ಲಿ ಹಾಕಿದ್ದರು. ಮೇಷ್ಟ್ರು ದಿನಕ್ಕೆರಡು ಸಲ ಸುಮ್ಮನೆ ಆ ದಾರಿಯಲ್ಲಿ ಹೋಗಿ ಬರುತ್ತಿದ್ದರು. ಇತಿಹಾಸದ ಮೇಡಂ ಹೆಸರಿನ ಮುಂದೆ ಹನ್ನೊಂದು. ಆಕೆ ಪಾಠದ ನಡುವೆ ಹಣೆ ಬಡಿದುಕೊಂಡು, ಅಯ್ಯೋ ನಾನು ಹೇಳಿದ್ದು ತಪ್ಪು ಕಣ್ರೋ, ಹೊಡೆದುಹಾಕಿ ಎಂದು ನಗುವುದು ಗೋಡೆಯಾಚೆ ಕೇಳುತ್ತಿತ್ತು. ಪಾಪ, ಆಕೆಗೆ ಬಾಗಿಲ ಬಳಿಯ ಗಾಲಿ ಕುರ್ಚಿಯೇ ಗತಿ ಎಂದು ಇವರು ಮರುಗುತ್ತಿದ್ದರು. ಈಗ ಆ ಸೊನ್ನೆ ಅವರಿಗೆ ತಾನು ಹುಟ್ಟಿದ ಬಗೆಯನ್ನು ಹೇಳತೊಡಗಿತು. ಸರಿ, ತಪ್ಪೇ ಅನ್ನೋಣ, ಯಾರಿಗೇನು ನಷ್ಟ? ಎರಡು ಸಾವಿರ ಮಕ್ಕಳು ಹಾಡು ಕಲಿತು ಹೋದರು. ಯಾರೂ ಹಡಗು ತಪ್ಪಿಸಿಕೊಳ್ಳಲಿಲ್ಲ. ರೇಖೆ ದಾಟಿದವರಿದ್ದರೂ ಜೇಬಿನಿಂದ ಫೋನು ತೆಗೆದು ತಾರೀಖು ನೋಡಿಕೊಂಡಿರುತ್ತಾರೆ. ಪರೀಕ್ಷೆಗೂ ಇಲ್ಲ. ತಮ್ಮ ತಪ್ಪಿನಿಂದ ಲೋಕಕ್ಕೆ ಒಂದು ಕೂದಲೂ ಕೊಂಕಿಲ್ಲವೆಂಬುದು ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಅಷ್ಟೂ ವರ್ಷ ಅಷ್ಟು ಜೋರಾಗಿ ಕೂಗಿದ್ದು ಯಾರಿಗೂ ತಾಗಲಿಲ್ಲವಲ್ಲ ಎಂದು ಬೇರೆಯೇ ಒಂದು ಅವಮಾನವಾಯಿತು. ನಲ್ಲಿಯ ಬಳಿ ಲಾಯರಮ್ಮ ನೀರು ಕುಡಿಯುತ್ತಿದ್ದಳು. ಇವರನ್ನು ಕಂಡದ್ದೇ ಅರ್ಧಕ್ಕೆ ನಿಲ್ಲಿಸಿ, ಗಲ್ಲ ಒರೆಸಿಕೊಂಡು ಪಕ್ಕಕ್ಕೆ ಸರಿದು “ಬನ್ನಿ ಸರ್” ಎಂದಳು. ನಿನ್ನೆಯವರೆಗೆ ಈ ಹುಡುಗಿ ನಲ್ಲಿ ಬಿಟ್ಟುಕೊಡುವವಳಲ್ಲ, ಯಾರು ಮೊದಲು ಬಂದರೆಂದು ವಾದ ಹೂಡುವವಳು. ಮೇಷ್ಟ್ರಿಗೆ ಬಾಯಾರಿಕೆಯಿರಲಿಲ್ಲ. ಆದರೂ ಬಗ್ಗಿ ಕುಡಿದರು, ಅವಳು ಕೈಕಟ್ಟಿ ನಿಂತು ನೋಡುತ್ತಿದ್ದಳು.

ಕೊನೆಯ ಪೀರಿಯಡ್ಡು ಎಂಟನೇ ತರಗತಿಯಲ್ಲಿ ಪೆಟ್ಟಿಗೆಯದು. ಮೇಷ್ಟ್ರು ತಮಗೆ ಬಿಡುವಿದ್ದ ಆ ಹೊತ್ತಿನಲ್ಲಿ ಎರಡು ಸಲ ಮೆಟ್ಟಿಲು ಹತ್ತಿ ಎರಡು ಸಲ ಇಳಿದರು. ಮೂರನೆಯ ಸಲ ಹತ್ತಿದಾಗ ಧೈರ್ಯ ಬಂದಿತ್ತೆಂದಲ್ಲ, ಮಂಡಿ ನೋಯುತ್ತಿತ್ತು, ಮತ್ತೆ ಇಳಿಯಲು ಮನಸ್ಸಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದರು. ಪರದೆಯ ಮೇಲೆ ಭೂಮಿಯ ಚಿತ್ರ ತಿರುಗುತ್ತಿತ್ತು, ಅದರ ಕೆಳಗೆ ದಪ್ಪಕ್ಷರದಲ್ಲಿ ಅವರದೇ ಹಾಡು ಇತ್ತು, ಇನ್ನೊಂದು ಸಾಲು ಸೇರಿಸಿ: ರೇಖೆ ದಾಟಿದರೂ ಕೂಡು. ಅವರ ದನಿಯನ್ನೇ ಅನುಕರಿಸಿ ಪೆಟ್ಟಿಗೆ ಅದನ್ನು ಹೇಳಿಸುತ್ತಿತ್ತು, ಡಸ್ಟರಿನ ಸದ್ದು ಸಮೇತ. ಅವರಿಗಿಂತ ಚೆನ್ನಾಗಿಯೇ ಇತ್ತು. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು, ಲಾಯರಮ್ಮನನ್ನು ಏಳಿಸಿದರು. ಅವಳು ಎದ್ದ ರೀತಿಯಲ್ಲೇ ಗೊತ್ತಾಯಿತು, ಇನ್ನೂ ಹತ್ತು ಸಲ ಹೇಳಲು ತಯಾರಾಗಿ ಎದ್ದಿದ್ದಳು.

“ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ನೀನು ಹೇಳಿದ್ದು ಸರಿ. ರೇಖೆ ಪೂರ್ವಕ್ಕೆ ದಾಟಿದ್ರೆ ಒಂದು ದಿನ ಕಳೀಬೇಕು.”

ಹೇಳಿಯಾಯಿತು. ಪೆಟ್ಟಿಗೆ ಒಂದಿಷ್ಟೂ ತಡಮಾಡದೆ, ನಿಮ್ಮ ಮೇಷ್ಟ್ರು ಹೇಳಿದ್ದು ಸರಿ, ಬೆಳಿಗ್ಗೆ ನಾನು ಹೇಳಿದ್ದರಲ್ಲಿ ತಪ್ಪಿತ್ತು ಎಂದಿತು. ಹಸಿರು ದೀಪ ಹಳದಿಯಾಗಿ ಮತ್ತೆ ಹಸಿರಾಯಿತು, ಸೊನ್ನೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಅರ್ಧ ಕೈ ಎತ್ತಿ ಕೂತಿದ್ದರು. ಮೇಷ್ಟ್ರು ಲಾಯರಮ್ಮನ ಮುಖ ನೋಡಿದರು. ಅಲ್ಲಿ ಗೆಲುವು ಕಾಣುತ್ತದೆ, ಜಂಬ ಕಾಣುತ್ತದೆ, ಅದನ್ನು ನೋಡಿ ತಾವು ಸ್ವಲ್ಪ ಉರಿದುಕೊಳ್ಳಬಹುದು ಎಂದುಕೊಂಡಿದ್ದರು. ಏನೂ ಇರಲಿಲ್ಲ. ಈಗ ನೀನು ಹೇಳಮ್ಮ, ಯಾವುದು ಸರಿ ಎಂದು ಕೇಳಿದರು.

“ನೀವು ಹೇಳಿದ್ದು ಸರಿ ಸರ್.”

“ಯಾವಾಗ ಹೇಳಿದ್ದು? ಬೆಳಿಗ್ಗೆದೋ, ಈಗಿಂದೋ?”

ಅವಳು ಪೆಟ್ಟಿಗೆಯನ್ನು ನೋಡಿದಳು, ಇವರನ್ನು ನೋಡಿದಳು. ಇವರಿಗೆ ಯಾವ ಉತ್ತರ ಬೇಕಾಗಿದೆಯೆಂದು ಹುಡುಕುತ್ತಿದ್ದಳು. “ಎರಡು ಸಲಾನೂ ಸರ್.”

ಬೇರೆ ದಿನವಾಗಿದ್ದರೆ ಇಂಥ ವಿನಯಕ್ಕೆ ಮೇಷ್ಟ್ರು ಒಳಗೊಳಗೇ ಹಿಗ್ಗುತ್ತಿದ್ದರು. ಇವತ್ತು ಹಿಗ್ಗಲಿಲ್ಲ. ಅಷ್ಟೊಂದು ತಂತಿ, ದೀಪ, ಕಂಪನಿಯ ಹೆಣ್ಣುಮಗಳು, ಸಂಘದ ಮನವಿ ಎಲ್ಲ ಸೇರಿ ಪೆಟ್ಟಿಗೆಗೆ ಕಲಿಸಿದ್ದನ್ನು ತಾವೊಬ್ಬರೇ, ಒಂದೇ ಪೀರಿಯಡ್ಡಿನಲ್ಲಿ, ಈ ಹುಡುಗಿಗೆ ಕಲಿಸಿಬಿಟ್ಟಿದ್ದರು. ಮೊದಲ ಬೆಂಚಿನ ಮಕ್ಕಳನ್ನು ಸರಿಸಿ ಅಲ್ಲೇ ಕೂತರು. ಕೂತ ಮೇಲೆ ಅವಳ ಮುಖ ಅವರ ಮುಖಕ್ಕಿಂತ ಎತ್ತರದಲ್ಲಿತ್ತು. ಹಾಗಲ್ಲಮ್ಮ, ಒಂದು ಸರಿಯಾದರೆ ಇನ್ನೊಂದು ತಪ್ಪಾಗಲೇಬೇಕು, ನೀನು ಬೆಳಿಗ್ಗೆ ಹೇಳಿದೆಯಲ್ಲ, ಹಾಗೆ ಹೇಳು ಎಂದು ಬೇಡಿಕೊಂಡರು. ಅವಳು ಡೆಸ್ಕಿನ ಮೇಲೆ ಉಗುರಿನಿಂದ ಗೀಚಿದಳು. ಆಮೇಲೆ ಡೆಸ್ಕಿನ ಕಡೆಯೇ ನೋಡುತ್ತಾ ಕೇಳಿದಳು.

“ಮತ್ತೆ ಬೆಳಿಗ್ಗೆ ನನ್ನ ಯಾಕೆ ನಿಲ್ಲಿಸಿದ್ರಿ?”

ಮೌನ ಐದು ಸೆಕೆಂಡು ದಾಟಿದರೆ ಮೇಷ್ಟ್ರಿಗೆ ನೆರವಾಗುವಂತೆಯೂ ಪೆಟ್ಟಿಗೆಗೆ ಸೆಟ್ಟಿಂಗ್ ಇತ್ತೆಂದು ಕಾಣುತ್ತದೆ. “ನಿಮ್ಮ ಮೇಷ್ಟ್ರು ನಿನ್ನ ಆತ್ಮವಿಶ್ವಾಸವನ್ನು ಪರೀಕ್ಷಿಸಲು ಹಾಗೆ ಮಾಡಿದರು,” ಎಂದಿತು. ಓ, ಹೌದಾ ಎಂದು ಮಕ್ಕಳೆಲ್ಲ ಒಟ್ಟಿಗೆ ಉಸಿರು ಬಿಟ್ಟರು, ಎಲ್ಲರಿಗೂ ಹಗುರವಾಯಿತು. ಮೇಷ್ಟ್ರಿಗೂ ಆಯಿತು. ಎಂಥ ಒಳ್ಳೆಯ ಮಾತು! ಹೌದು ಅಂದರೆ ಮುಗಿಯಿತು, ಬೇಕಾದರೆ ಅದನ್ನೇ ಮೂರನೇ ಗೆರೆಯಲ್ಲಿ ಬರೆಯಬಹುದು. ಅಷ್ಟರಲ್ಲಿ ಜವಾನ ಕಾಗದಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತ, ನಾಲ್ಕು ಗಂಟೆಯಾಯಿತು, ನಿಮ್ಮದೊಂದು ಬಾಕಿ ಎಂದ. ಮೇಷ್ಟ್ರ ಕೈ ಜೇಬಿನವರೆಗೂ ಹೋಗಿ, ಅಲ್ಲಿ ಸ್ವಲ್ಪ ಹೊತ್ತಿದ್ದು, ಬರಿದಾಗಿಯೇ ಹೊರಗೆ ಬಂತು.

“ನಂದು ಇಲ್ಲ, ಹೋಗಪ್ಪ,” ಎಂದು ಅವನನ್ನು ಕಳಿಸಿ ಹುಡುಗಿಯ ಕಡೆ ತಿರುಗಿದರು. “ಪರೀಕ್ಷೆಗಿರೀಕ್ಷೆ ಏನೂ ಅಲ್ಲ. ನೀನು ಹೇಳಿದ್ದು ಸರಿ ಇರಬಹುದು ಅಂತ ನನಗೆ ಆಗಲೇ ಅನ್ನಿಸಿತ್ತು. ಹೆದರಿಕೆ ಆಯ್ತು. ಅದಕ್ಕೇ ನಿಲ್ಲಿಸಿದೆ.”

ಅವಳು ತಲೆಯೆತ್ತಿ ನೋಡಿದಳು. ಇನ್ನೂ ಏನೋ ಬಾಕಿಯಿದೆ ಎಂಬಂತೆ ನೋಡುತ್ತಲೇ ಇದ್ದಳು. ಬ್ಯಾಗು ಹೆಗಲಿಗೇರಿಸಿದ ಮಕ್ಕಳು ಗಂಟೆಗೆ ಕಾಯುತ್ತಿದ್ದರು. ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಬಳಸದೆ ಇಟ್ಟಿದ್ದ ಪದವನ್ನು ಹುಡುಕಿದರು. ಬೇರೊಂದು ಪದ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಇರಲಿಲ್ಲ. ಇದ್ದದ್ದು ಒಂದೇ, ಈ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿ ಕೇಳಿ ಸವೆದುಹೋದದ್ದು. ಅದನ್ನೇ ಹೇಳಿದರು.

“ಕ್ಷಮಿಸು.”

ನಲವತ್ತೊಂದು ಮಕ್ಕಳೂ ರೂಢಿಯಂತೆ ಮೂಲೆಯ ಪೆಟ್ಟಿಗೆಯ ಕಡೆ ತಿರುಗಿ, ಪರವಾಗಿಲ್ಲ ಮಿಸ್ ಎಂದರು. ಲಾಯರಮ್ಮ ಮಾತ್ರ ತಿರುಗಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ.